ಎರಡೂವರೆ ಕಿಲೋವ್ಯಾಟ್

ಪಾನೆವೆಜೀಸಿನಲ್ಲಿ ಚಳಿ, ಮೈನಸ್ ಹದಿನೆಂಟು.
ಬೆಳಿಗ್ಗೆ ಐದಕ್ಕೆ ಬೀದಿಗಿಳಿದರೆ
ಹಿಮದ ಮೇಲೊಂದು ಹಸಿರು ಗೆರೆ.
ಬಾಯ್ಲರ್ ಮನೆಯಿಂದ ಶಾಲೆಯ ತನಕ
ನೆಲದೊಳಗೆ ಕೊಳವೆ ಹೋದ ದಾರಿಯಷ್ಟೂ ಹುಲ್ಲು.
ಜನವರಿಯಲ್ಲಿ ಹುಲ್ಲು!
ಕಾಗೆಗಳು ಅಲ್ಲಿ ಕಾಲು ಕಾಯಿಸಿಕೊಳ್ಳುತ್ತವೆ,
ಪರವೂರಿನವರು ಫೋಟೋ ತೆಗೆಯುತ್ತಾರೆ,
ನಾನು ಲೆಕ್ಕ ಹಾಕುತ್ತೇನೆ.
ಇಪ್ಪತ್ತಾರು ವರ್ಷದಿಂದ ನನ್ನ ಕೆಲಸವೇ ಅದು:
ಸೋರಿದ್ದನ್ನು ಬರೆದಿಡುವುದು.

ಹದಿನೇಳನೇ ನಂಬರಿನ ಕಟ್ಟಡ, ಒಂಬತ್ತು ಮಹಡಿ,
ನೆಲಮಾಳಿಗೆಯಲ್ಲಿ ನನ್ನ ಕವಾಟ.
ಊರಾಚೆಯಿಂದ ಬಿಸಿನೀರು ಎಂಟು ಬಾರ್ ಒತ್ತಡದಲ್ಲಿ
ಹಗ್ಗ ಹರಿದ ಹೋರಿಯಂತೆ ಬರುತ್ತದೆ.
ಮನೆಗಳ ರೇಡಿಯೇಟರಿಗೆ ಅಷ್ಟೊಂದು ಬೇಡ,
ಅದಕ್ಕೇ ಕವಾಟ ಅದರ ಕತ್ತು ಹಿಚುಕುತ್ತದೆ.
ಹಿಚುಕಿದಾಗ ಕೂಗು.
ಹಗಲೂ ರಾತ್ರಿ, ಅಕ್ಟೋಬರಿನಿಂದ ಏಪ್ರಿಲಿನವರೆಗೆ
ಒಂದೇ ಶ್ರುತಿ,
ಹಲ್ಲಿನ ಸಂದಿಯಿಂದ ಯಾರೋ ಉಸಿರು ಬಿಟ್ಟಂತೆ.
ದೂರದ ಪಂಪುಗಳು ಕರೆಂಟು ಕುಡಿದು ಒತ್ತಿದ್ದನ್ನು
ಇಲ್ಲಿ ನಾವು ಕೂಗಿಸಿ ಕೂಗಿಸಿ ಕಳೆಯುತ್ತೇವೆ.
ಹೊಳೆಯಲ್ಲಿ ಹುಣಸೆಹಣ್ಣು ತೊಳೆಯುವುದಕ್ಕೆ
ನನಗೆ ಸಂಬಳ.

ಹೋದ ವರ್ಷ ಯೊವಿತಾ ಬಂದಳು,
ನನ್ನ ಮಗಳಿಗಿಂತ ಚಿಕ್ಕವಳು, ಕೌನಾಸಿನಲ್ಲಿ ಓದಿದವಳು.
ಕವಾಟಕ್ಕೆ ಕಿವಿಗೊಟ್ಟು ನಿಂತು
"ಆಲ್ಮಾ, ಇಷ್ಟು ವರ್ಷ ನೀವು ಕೇಳಿಸಿಕೊಂಡಿದ್ದು ಕರೆಂಟನ್ನು" ಅಂದಳು.
ಹಳೆಯ ಪಂಪೊಂದನ್ನು ತರಿಸಿ ಹಿಂದುಮುಂದಾಗಿ ಕೂರಿಸಿದಳು:
ನೀರನ್ನು ತಳ್ಳುತ್ತಿದ್ದುದು
ಇನ್ನು ನೀರಿನಿಂದ ತಳ್ಳಿಸಿಕೊಳ್ಳಬೇಕು.
ನಾನು ನಕ್ಕೆ.
ಜೀವಮಾನವಿಡೀ ದುಡಿದದ್ದು
ಸುಮ್ಮನೆ ಮೈಯೊಡ್ಡಿ ನಿಂತರೆ ಏನು ಹುಟ್ಟೀತು?
ತಿರುಗಿತು.
ಮೀಟರಿನ ಮುಳ್ಳು ಎದ್ದಿತು, ಕುಂತಿತು, ಮತ್ತೆ ಎದ್ದು
ಎರಡೂವರೆ ಕಿಲೋವ್ಯಾಟಿನಲ್ಲಿ ನಿಂತಿತು.
ಎಷ್ಟು ಅದು? ನಾಲ್ಕು ಮೆಟ್ಟಿಲಸಾಲಿನ ದೀಪ,
ನೆಲಮಾಳಿಗೆಯ ಸಣ್ಣ ಪಂಪು, ಮಿಕ್ಕಿದ್ದರಲ್ಲಿ ಒಂದು ಕೆಟಲ್.
ಯೊವಿತಾ ಆ ಕೆಟಲಿನಲ್ಲೇ ಚಹಾ ಕಾಸಿಕೊಟ್ಟಳು.
ಚಹಾ ಚಹಾದ ಹಾಗೇ ಇತ್ತು.
ಆದರೆ ಆ ನೆಲಮಾಳಿಗೆಯಲ್ಲಿ ಮೊದಲ ಸಲ
ಚಮಚ ಲೋಟಕ್ಕೆ ತಾಗಿದ್ದು ನನಗೆ ಕೇಳಿಸಿತು.

ಮೂರನೇ ದಿನ ಒಂದನೇ ಮನೆಯ ವಿದ್ಮಂತಾಸ್ ಇಳಿದು ಬಂದ.
ರಾತ್ರಿಯಿಡೀ ರೈ ಬ್ರೆಡ್ ಬೇಯಿಸಿ ಹಗಲು ಮಲಗುವವನು.
ಹುಬ್ಬಿನ ಮೇಲಿನ್ನೂ ಹಿಟ್ಟು, ಕಣ್ಣು ಕೆಂಡ.
"ಗೋಡೆ ಯಾಕೆ ಸತ್ತಿದೆ?" ಎಂದ.
ಹದಿನಾಲ್ಕು ವರ್ಷ ಅವನ ಮಂಚದ ತಲೆದೆಸೆಗೆ
ನನ್ನ ಕವಾಟ ಕೂಗುತ್ತಿತ್ತಂತೆ,
ಮಕ್ಕಳ ಗಲಾಟೆ, ಲಿಫ್ಟಿನ ಬಾಗಿಲು, ಮೇಲಿನ ಮನೆಯ ಜಗಳ
ಎಲ್ಲದರ ಮೇಲೂ ಕಂಬಳಿ ಎಳೆಯುತ್ತಿತ್ತಂತೆ.
ನಷ್ಟ ಎಂದು ನಾನು ತುಂಬುತ್ತಿದ್ದ ಕಾಲಮ್ಮಿನಲ್ಲಿ
ಒಬ್ಬನ ನಿದ್ದೆ ಇತ್ತು.
ಅದನ್ನು ಯಾವ ಯೂನಿಟ್ಟಿನಲ್ಲಿ ಬರೆಯುವುದು?

ಪರೀಕ್ಷೆಗೆಂದು ಯೊವಿತಾ ಫೋನಿನಲ್ಲಿ ಹಿಡಿದಿದ್ದ ಕೂಗನ್ನು
ಅವನಿಗೆ ಕಳಿಸಿಕೊಟ್ಟೆವು.
ಒಂದು ವಾರ ಕೇಳಿ
"ಕಿವಿಗೆ ಬರುತ್ತದೆ, ಗೋಡೆಗೆ ಬರುವುದಿಲ್ಲ" ಎಂದ.
ಬೈಯಲಿಲ್ಲ. ಒಂದು ಬ್ರೆಡ್ಡು ಕೊಟ್ಟು ಹೋದ.

ಟರ್ಬೈನಿಗೆ ವರ್ಷಕ್ಕೆರಡು ಸಲ ಎಣ್ಣೆ, ಬೇರಿಂಗು.
ಆ ಹೊತ್ತು ನೀರನ್ನು ಹಳೆಯ ದಾರಿಗೇ ಬಿಡಬೇಕು.
ಇವತ್ತು ಅಂಥ ದಿನ.
ನಿನ್ನೆಯೇ ಅವನ ಬಾಗಿಲಿಗೆ ಚೀಟಿ ಸಿಕ್ಕಿಸಿದ್ದೆ:
'ಹನ್ನೊಂದರಿಂದ ಮೂರು.'
ತುಕ್ಕು ಚಕ್ರಕ್ಕೆ ಎರಡೂ ಕೈ ಹಾಕಿ ತಿರುಗಿಸಿದೆ.
ಕವಾಟ ಕೆಮ್ಮಿತು, ಗಂಟಲು ಸರಿಮಾಡಿಕೊಂಡಿತು, ಕೂಗಿತು.
ಮೆಟ್ಟಿಲ ದೀಪ ಒಮ್ಮೆ ಕುಗ್ಗಿ
ಊರಿನ ತಂತಿಗೆ ಒಗ್ಗಿಕೊಂಡಿತು.

ಬೇರಿಂಗು ಬದಲಿಸಲು ಒಂದು ಗಂಟೆ ಸಾಕಾಯಿತು.
ಸ್ಪ್ಯಾನರು ಒರೆಸಿಟ್ಟು ಸ್ಟೂಲಿನ ಮೇಲೆ ಕೂತಿದ್ದೇನೆ.
ಮೂರಾಗಲು ಇನ್ನೂ ಹೊತ್ತಿದೆ.